ಮೊಬೈಲು ಕಸಿದುಕೊಂಡರೆ ಸಾಕೆ?

ಮಕ್ಕಳ ಕೈಯಲ್ಲಿ ಮೊಬೈಲು ಕಂಡೊಡನೆ ಗದರುವ ತಂದೆತಾಯಿಗಳಿಗೆ ಅಮೆರಿಕದ ಪುಸ್ತಕವೊಂದು ದೊಡ್ಡ ಆಧಾರವಾಗಿ ಒದಗಿದೆ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಮಾಜ ಮನೋವಿಜ್ಞಾನಿ ಜೊನಾಥನ್ ಹೈಟ್ ಬರೆದು 2024ರಲ್ಲಿ ಪ್ರಕಟವಾದ ‘ದಿ ಆ್ಯಂಕ್ಷಸ್ ಜನರೇಷನ್’ ಅದು. ‘ಕಳವಳದ ಪೀಳಿಗೆ’ ಎಂದು ಕನ್ನಡಿಸಬಹುದು. ಹರೆಯದ ಮಕ್ಕಳಿರುವ ಹೊರನಾಡ ಕನ್ನಡಿಗರು ಓದಬೇಕಾದ ಗ್ರಂಥವಿದು. ಆದರೆ ಅರ್ಧ ಓದಿ ಮುಚ್ಚಿಡುವ ಅಪಾಯವೂ ಇದೆ.

ಲೇಖಕರ ವಾದ ಇಷ್ಟು: 2010ರಿಂದ 2015ರ ನಡುವೆ ಬಾಲ್ಯವು ಆಟದ ಬಯಲನ್ನು ಬಿಟ್ಟು ಸ್ಮಾರ್ಟ್‌ಫೋನಿನೊಳಗೆ ಸೇರಿಕೊಂಡಿತು. ಒಡನಾಟ ಕುಗ್ಗಿತು, ನಿದ್ದೆ ಕೆಟ್ಟಿತು, ಗಮನ ಚೂರಾಯಿತು, ಚಟ ಹತ್ತಿತು. ಅವರು ಸೂಚಿಸುವ ಪರಿಹಾರಗಳು ನಾಲ್ಕು: ಸುಮಾರು 14 ವರ್ಷದವರೆಗೆ ಸ್ಮಾರ್ಟ್‌ಫೋನು ಬೇಡ, 16ರವರೆಗೆ ಸಾಮಾಜಿಕ ಜಾಲತಾಣ ಬೇಡ, ಶಾಲೆಯ ವೇಳೆಯಲ್ಲಿ ಫೋನು ಬೇಡ, ಹಿರಿಯರ ಕಾವಲಿಲ್ಲದ ಆಟವೂ ಸ್ವಾತಂತ್ರ್ಯವೂ ಹೆಚ್ಚಲಿ.

ಗ್ರಂಥದ ದೋಷವೆಂದರೆ ಅದರ ಅತಿ ಖಚಿತ ಧ್ವನಿ. ಮನೋವಿಜ್ಞಾನಿ ಕ್ಯಾಂಡಿಸ್ ಆಡ್ಜರ್ಸ್ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಆಕ್ಷೇಪವೆತ್ತಿದರು. ಎರಡು ಸಂಗತಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಮೊದಲೇ ನೊಂದ ಮಕ್ಕಳೇ ಜಾಲತಾಣವನ್ನು ಹೆಚ್ಚು ಬಳಸುತ್ತಿರಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ಮಗು ಮಂಕಾಗಿದ್ದರೆ ಫೋನು ಕಿತ್ತಿಡುವ ಮೊದಲು ‘ಏನಾಯಿತು ಮಗಾ?’ ಎಂದು ಕೇಳುವುದೇ ವಿವೇಕ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಬೆಳೆಯುವ ಹುಡುಗಿಗೆ ಹುಬ್ಬಳ್ಳಿಯ ಅಜ್ಜಿಯ ಮುಖ ಕಾಣುವುದು, ಮನೆಯಾಚೆಯ ಕನ್ನಡ ಕೇಳುವುದು ಅದೇ ಫೋನಿನಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 18 ತಿಂಗಳೊಳಗಿನ ಶಿಶುಗಳಿಗೆ ಪರದೆ ಬೇಡವೆಂದಾಗಲೂ ವಿಡಿಯೋ ಕರೆಗೆ ವಿನಾಯಿತಿ ನೀಡಿತ್ತು. ಅಜ್ಜಿಯೊಡನೆ ಆಡುವ ಮಾತನ್ನೂ ನಡುರಾತ್ರಿಯವರೆಗೆ ಉರುಳುವ ರೀಲ್ಸನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗ್ರಂಥದ ನಿಜವಾದ ಬೆಲೆ ಬೇರೊಂದು ಮಾತಿನಲ್ಲಿದೆ. ‘ಎಲ್ಲರ ಹತ್ತಿರವೂ ಇದೆ, ನನಗೆ ಮಾತ್ರ ಇಲ್ಲ’ ಎಂಬ ಮಗುವಿನ ದೂರಿಗೆ ಒಂಟಿ ಮನೆಯಲ್ಲಿ ಉತ್ತರವಿಲ್ಲ. ಹಲವು ಮನೆಗಳು ಒಟ್ಟಾಗಿ ಒಪ್ಪಿದರೆ ಉಂಟು ಎನ್ನುತ್ತಾರೆ ಲೇಖಕರು. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆ ಇಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಕಂಪೆನಿಗಳ ಮೇಲೆ ಹೊರಿಸಿತು. ಕಾನೂನು ಖಾತೆಯನ್ನು ಮುಚ್ಚಿಸಬಹುದು. ಜೊತೆಗಾರರನ್ನು ಒದಗಿಸುವವರು ಯಾರು?

ಊರಿನ ಜಗಲಿ, ಸೋದರಮಾವನ ಮನೆ, ಕೇರಿಯ ಗೆಳೆಯರು ಇವನ್ನೆಲ್ಲ ಬಿಟ್ಟುಬಂದ ನಾವು ಅವುಗಳ ಬದಲಿಗೆ ಸಂಘ ಕಟ್ಟಿಕೊಂಡೆವು. ಹತ್ತು ಮನೆಯವರು ಒಂದು ಮಾತಿಗೆ ಬರಲಿ: ಒಂಬತ್ತನೆಯ ತರಗತಿಯವರೆಗೆ ಸಾದಾ ಫೋನು, ರಾತ್ರಿ ಹತ್ತರ ಮೇಲೆ ಎಲ್ಲರ ಫೋನೂ, ಅಪ್ಪನದೂ ಅಮ್ಮನದೂ ಸೇರಿ, ಅಡಿಗೆಮನೆಯಲ್ಲಿ. ರಾಜ್ಯೋತ್ಸವದ ನಾಟಕವನ್ನು ಹರೆಯದವರೇ ಆರಿಸಲಿ, ತಾಲೀಮಿಗೆ ತಾವೇ ರೈಲು ಹಿಡಿದು ಬರಲಿ. ಗ್ರಂಥದ ನಾಲ್ಕನೆಯ ಪರಿಹಾರವೆಂದರೆ ಇದೇ. ಅದಿಲ್ಲದೆ ಮೊದಲ ಮೂರು ಬರಿಯ ಶಿಕ್ಷೆಯಾದಾವು. ಸಂಘದ ಮುಂದಿನ ಸಭೆಯಲ್ಲಿ, ಮಕ್ಕಳನ್ನೂ ಕೂರಿಸಿಕೊಂಡು, ಈ ವಿಷಯ ಚರ್ಚೆಯಾಗಲೆಂಬುದು ನಮ್ಮ ಅಪೇಕ್ಷೆ.