ಮಾರ್ಮನ್ ಮತವೂ ಅನ್ಯರ ವಿಮರ್ಶೆಯೂ

ಪರಮತವನ್ನು ಖಂಡಿಸಹೊರಟವನು ಮೊದಲು ಅದರ ಪಕ್ಷವನ್ನು, ಆ ಮತದವನೇ ಕೇಳಿದರೂ "ಅಹುದು, ನಾವು ಹೇಳುವುದು ಇದೇ" ಎಂದು ಒಪ್ಪುವಂತೆ ಅನುವಾದಮಾಡಬೇಕೆಂಬುದು ನಮ್ಮ ಶಾಸ್ತ್ರಕಾರರು ಹಾಕಿಕೊಟ್ಟ ಕ್ರಮ. ವಿಜಯನಗರದ ಕಾಲದಲ್ಲಿ ಹುಟ್ಟಿದ, ಮಾಧವಾಚಾರ್ಯಕೃತವೆಂದು ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದಲೇ ಆರಂಭವಾಗುತ್ತದೆ. ವೇದವನ್ನು ಹಳಿಯುವ ಆ ಮತವನ್ನು ಕೂಡ ಗ್ರಂಥಕಾರನು ಅದರ ಬಾಯಿಂದಲೇ ಎಂಬಂತೆ ನುಡಿಸಿದ್ದಾನೆ. ಎಲ್ಲರೂ ಈ ಕ್ರಮವನ್ನು ಪಾಲಿಸಿದರೆಂದು ಹೇಳಲಾರೆವು. ಪೂರ್ವಪಕ್ಷವನ್ನು ವಿಕೃತಗೊಳಿಸಿ ಗೆದ್ದೆವೆಂದುಕೊಂಡ ವಾದಗ್ರಂಥಗಳು ನಮ್ಮಲ್ಲಿಯೂ ಬೇಕಾದಷ್ಟಿವೆ. ಆದರೂ ಮಾನದಂಡವಂತೂ ಉಂಟು. ಅದನ್ನು ಹಿಡಿದು, ಅಮೆರಿಕೆಯಲ್ಲಿ ಹುಟ್ಟಿದ ಮಾರ್ಮನ್ ಮತವನ್ನು ಕುರಿತು ಅನ್ಯರು ಬರೆದುದನ್ನು ಅಳೆದುನೋಡುವುದು ಪ್ರಕೃತ ಲೇಖನದ ಉದ್ದೇಶ. ಈ ಮತದವರು ಬೆಂಗಳೂರಿನಲ್ಲಿ ತಮ್ಮ ದೇವಾಲಯವೊಂದನ್ನು ಕಟ್ಟುವುದಾಗಿ ೨೦೧೮ರಲ್ಲಿ ಪ್ರಕಟಿಸಿ, ೨೦೨೦ರಲ್ಲಿ ಅದಕ್ಕೆ ನೆಲವನ್ನು ಅಗೆದಿರುವುದರಿಂದ, ಇದು ಕನ್ನಡಿಗರಿಗೆ ತೀರ ದೂರದ ವಿಷಯವೂ ಅಲ್ಲ.

ವೃತ್ತಾಂತವು ಸಂಕ್ಷೇಪವಾಗಿ ಇಷ್ಟು. ನ್ಯೂಯಾರ್ಕ್ ಪ್ರಾಂತದಲ್ಲಿ ಒಕ್ಕಲುತನದ ಮನೆಯಲ್ಲಿ ಬೆಳೆದ ಜೋಸೆಫ್ ಸ್ಮಿತ್ (೧೮೦೫–೧೮೪೪) ಎಂಬವನು, ಮೊರೋನಿಯೆಂಬ ದೇವದೂತನು ತೋರಿಸಿದ ಸುವರ್ಣಪತ್ರಗಳನ್ನು ೧೮೨೭ರಲ್ಲಿ ಪಡೆದು, ಅವುಗಳ ಮೇಲಿದ್ದ ಪ್ರಾಚೀನ ಲೇಖನವನ್ನು ದೈವಾನುಗ್ರಹದಿಂದ ಇಂಗ್ಲಿಷಿಗೆ ಪರಿವರ್ತಿಸಿದೆನೆಂದು ಹೇಳಿ, ೧೮೩೦ರಲ್ಲಿ 'ಮಾರ್ಮನನ ಗ್ರಂಥ'ವನ್ನು ಅಚ್ಚುಹಾಕಿಸಿದನು. ಅದೇ ವರ್ಷ ಸಭೆಯೂ ಸ್ಥಾಪಿತವಾಯಿತು. ೧೮೪೪ರಲ್ಲಿ ಕಾರ್ಥೇಜಿನ ಸೆರೆಮನೆಗೆ ನುಗ್ಗಿದ ಗುಂಪು ಸ್ಮಿತ್ತನನ್ನು ಕೊಂದಿತು. ಬ್ರಿಗಂ ಯಂಗನು ಅನುಯಾಯಿಗಳನ್ನು ೧೮೪೭ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಕರೆದೊಯ್ದನು. ಬಹುಪತ್ನೀತ್ವವನ್ನು ಇವರು ೧೮೫೨ರಲ್ಲಿ ಬಹಿರಂಗವಾಗಿ ಸಾರಿದರು. ೧೮೯೦ರಲ್ಲಿ ಕೈಬಿಡುವುದಾಗಿ ಘೋಷಿಸಿದರು. 'ಮಾರ್ಮನ್' ಎಂಬ ಹೆಸರನ್ನು ಬಿಟ್ಟು ಸಭೆಯ ಪೂರ್ಣನಾಮವನ್ನೇ ಬಳಸಬೇಕೆಂದು ಅವರ ಅಧ್ಯಕ್ಷರು ೨೦೧೮ರಲ್ಲಿ ಕೋರಿರುವುದುಂಟು. ನಾವು ವಿಮರ್ಶಿಸುವ ಗ್ರಂಥಗಳಲ್ಲೆಲ್ಲ ಹಳೆಯ ಹೆಸರೇ ಇರುವುದರಿಂದ ಇಲ್ಲಿಯೂ ಅದನ್ನೇ ಇಟ್ಟುಕೊಂಡಿದ್ದೇವೆ.

ಅನ್ಯರು ಮೊದಲು ಕೈಹಾಕಿದುದು ಗ್ರಂಥದ ಕರ್ತೃವಿಚಾರಕ್ಕೆ. ಅಲೆಗ್ಸಾಂಡರ್ ಕ್ಯಾಂಪ್‌ಬೆಲ್ ಎಂಬ ಕ್ರೈಸ್ತೋಪದೇಶಕನು ೧೮೩೧ರಲ್ಲಿ ಬರೆದ ಖಂಡನವು ಇವುಗಳಲ್ಲಿ ಮುಖ್ಯವಾದುದು. ಅವನ ಹೇತು ಸ್ಪಷ್ಟವಾಗಿದೆ: ಶಿಶುಗಳ ಸ್ನಾನದೀಕ್ಷೆ, ಸಭೆಯ ಆಡಳಿತ, ಗುಪ್ತಸಂಘಗಳು ಮೊದಲಾಗಿ ನ್ಯೂಯಾರ್ಕಿನಲ್ಲಿ ಆಗತಾನೆ ನಡೆಯುತ್ತಿದ್ದ ವಿವಾದಗಳಿಗೆಲ್ಲ ಈ 'ಪ್ರಾಚೀನ' ಗ್ರಂಥವು ಉತ್ತರಕೊಡುತ್ತದೆ, ಆದುದರಿಂದ ಇದು ಆ ಕಾಲದ್ದೇ, ಸ್ಮಿತ್ತನದೇ. ಈ ಯುಕ್ತಿಯನ್ನು ಒಪ್ಪಲಿ ಬಿಡಲಿ, ಇದು ಗ್ರಂಥವನ್ನು ಓದಿದವನ ಯುಕ್ತಿ. ಅಂತಃಸಾಕ್ಷ್ಯದಿಂದ ಕಾಲನಿರ್ಣಯಮಾಡುವ ನಮ್ಮ ಪಂಡಿತರು ಇದರ ಜಾತಿಯನ್ನು ಒಡನೆಯೇ ಗುರುತಿಸಬಲ್ಲರು.

ಮೂರು ವರ್ಷಗಳಲ್ಲಿಯೇ ಇದಕ್ಕಿಂತ ರುಚಿಕರವಾದ ಕಥೆಯೊಂದು ಬಂದಿತು. ಓದುಬರಹ ಸಾಲದ ಹಳ್ಳಿಗನಿಗೆ ಇಷ್ಟು ದೊಡ್ಡ ಗ್ರಂಥವನ್ನು ರಚಿಸುವುದು ಅಸಾಧ್ಯವೆಂಬ ಊಹೆಯೇ ಅದರ ಮೂಲ. ೧೮೩೪ರಲ್ಲಿ ಹೋವ್ ಎಂಬವನು ಪ್ರಕಟಿಸಿದ ಪುಸ್ತಕದ ಪ್ರಕಾರ, ೧೮೧೬ರಲ್ಲಿ ತೀರಿಕೊಂಡ ಸಾಲಮನ್ ಸ್ಪಾಲ್ಡಿಂಗ್ ಎಂಬವನ ಅಚ್ಚಾಗದ ಕಥಾಗ್ರಂಥವೇ ಇದರ ಆಕರ. ಸ್ಪಾಲ್ಡಿಂಗನ ನೆರೆಹೊರೆಯವರ ಸಾಕ್ಷ್ಯಗಳನ್ನೂ ಅದರಲ್ಲಿ ಸೇರಿಸಿದ್ದರು. ಐವತ್ತು ವರ್ಷಗಳ ಕಾಲ ಈ ವಾದವು ಒಬ್ಬರಿಂದೊಬ್ಬರಿಗೆ ಹರಿದು, ಮೂಲವನ್ನು ನೋಡದವರ ಬಾಯಲ್ಲಿ ಸಿದ್ಧಾಂತವಾಯಿತು. ಹೀಗಿರಲಾಗಿ ೧೮೮೪ರಲ್ಲಿ ಹೊನೊಲುಲುವಿನಲ್ಲಿ, ಹಳೆಯ ಕಾಗದಗಳ ನಡುವೆ, ಸ್ಪಾಲ್ಡಿಂಗನ ಕೈಬರಹದ ಪ್ರತಿಯೇ ದೊರೆತು ಓಬರ್ಲಿನ್ ಕಾಲೇಜನ್ನು ಸೇರಿತು. ತೆರೆದು ನೋಡಿದರೆ, ಅದು ಬಿರುಗಾಳಿಗೆ ಸಿಕ್ಕಿ ಅಮೆರಿಕೆಯ ದಡಕ್ಕೆ ಬಂದ ರೋಮನರ ಕಥೆ! ಮಾರ್ಮನನ ಗ್ರಂಥದ ಹೆಸರುಗಳಾಗಲಿ ಶೈಲಿಯಾಗಲಿ ಅದರಲ್ಲಿಲ್ಲ. ವಾದಿಗಳು ಸುಮ್ಮನಾದರೇ? ಇಲ್ಲ, ಇದಲ್ಲದೆ ಕಳೆದುಹೋದ ಇನ್ನೊಂದು ಪ್ರತಿ ಇದ್ದಿರಬೇಕೆಂದರು. ಇಲ್ಲದ ಪ್ರತಿಯಿಂದ ಪಾಠಾಂತರ ಕೊಡುವ ಸಂಪಾದಕನನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೋ ಇವರನ್ನೂ ಹಾಗೆಯೇ ನಡೆಸಿಕೊಳ್ಳತಕ್ಕದ್ದು. ಇದರಿಂದ ಸುವರ್ಣಪತ್ರಗಳ ಮಾತು ಸಿದ್ಧವಾಯಿತೆಂದಲ್ಲ. ಪತ್ರಗಳನ್ನು ಕಂಡೆವೆಂದು ಮೂವರೂ ಮತ್ತೆ ಎಂಟು ಮಂದಿಯೂ ಕೊಟ್ಟ ಸಾಕ್ಷ್ಯವು ಗ್ರಂಥದೊಡನೆಯೇ ಅಚ್ಚಾಗಿದೆ. ಅದು ಆಪ್ತವಾಕ್ಯವೇ ಅಲ್ಲವೇ ಎಂಬುದು ಬೇರೆ ಪ್ರಶ್ನೆ. ಪ್ರತಿಪಕ್ಷವು ದುಷ್ಟವಾದ ಮಾತ್ರಕ್ಕೆ ಸ್ವಪಕ್ಷವು ಸಿದ್ಧಿಸುವುದಿಲ್ಲವಷ್ಟೆ.

ಎರಡನೆಯದು ಆಚಾರವಿಚಾರ. ಇಲ್ಲಿ ಬರೆದವರಲ್ಲಿ ಮಹಾಲೇಖಕರೇ ಇದ್ದಾರೆ. ಮಾರ್ಕ್ ಟ್ವೇನನು ೧೮೬೧ರಲ್ಲಿ ಕುದುರೆಗಾಡಿಯ ಪ್ರಯಾಣದಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಎರಡು ದಿನ ತಂಗಿದ್ದು, ೧೮೭೨ರ ತನ್ನ ಪ್ರವಾಸಗ್ರಂಥದಲ್ಲಿ ಆ ಮತದ ಗ್ರಂಥವನ್ನು ನಿದ್ರೆಬರಿಸುವ ಪುಸ್ತಕವೆಂದು ಹಾಸ್ಯಮಾಡಿದನು. ಅಲ್ಲಿಯ ಸ್ತ್ರೀಯರ ರೂಪವನ್ನು ಕುರಿತು ಆಡಿದ ಪರಿಹಾಸವಂತೂ ಹಾಸ್ಯರಸವನ್ನು ಮೀರಿ ಗ್ರಾಮ್ಯವಾಗಿದೆ. ಕಾನನ್ ಡಾಯಲನು ಆ ನಾಡನ್ನು ಕಣ್ಣಿನಿಂದ ನೋಡದೆಯೇ ೧೮೮೭ರ ಪತ್ತೇದಾರಿ ಕಥೆಯಲ್ಲಿ ಅವರನ್ನು ರಹಸ್ಯ ಕೊಲೆಗಾರರ ಗುಂಪಾಗಿ ಚಿತ್ರಿಸಿದನು. ೧೯೨೩ರಲ್ಲಿ ಅದೇ ನಗರಕ್ಕೆ ಹೋದಾಗ ಅವರ ಮಹಾಮಂದಿರದಲ್ಲಿಯೇ ಅವನ ಉಪನ್ಯಾಸ ನಡೆಯಿತು. ಮಕ್ಕಾ ಯಾತ್ರೆಮಾಡಿದ್ದ, ನಮ್ಮ ದೇಶದಲ್ಲಿ ಸೈನ್ಯಾಧಿಕಾರಿಯಾಗಿದ್ದ ರಿಚರ್ಡ್ ಬರ್ಟನ್ ೧೮೬೦ರಲ್ಲಿ ಅಲ್ಲಿ ಕೆಲವು ವಾರಗಳಿದ್ದು ಬರೆದುದರಲ್ಲಿ ಬಹುಪತ್ನೀತ್ವವು ಆಶ್ಚರ್ಯದ ವಸ್ತುವೇ ಅಲ್ಲ. ಹಲವು ದೇಶಗಳಲ್ಲಿ ಕಂಡ ಆಚಾರಗಳಲ್ಲಿ ಅದೂ ಒಂದು. ಅವನಲ್ಲಿ ಸಮಚಿತ್ತವಿದೆ, ಆದರೆ ಆ ಜನರ ಶ್ರದ್ಧೆಯ ಒಳಗನ್ನು ನೋಡಬೇಕೆಂಬ ಕುತೂಹಲವು ಕಡಮೆ.

ಡಿಕೆನ್ಸನ ಪ್ರಬಂಧವೇ ಇವುಗಳಲ್ಲಿ ನಮ್ಮ ಮನಸ್ಸಿಗೆ ಒಪ್ಪಿದುದು. ೧೮೬೩ರಲ್ಲಿ ಲಂಡನ್ ಬಂದರಿನಿಂದ 'ಅಮೆಜಾನ್' ಎಂಬ ಹಡಗಿನಲ್ಲಿ ಹೊರಟಿದ್ದ ಸುಮಾರು ಎಂಟುನೂರು ಮಂದಿ ಮಾರ್ಮನ್ ವಲಸಿಗರನ್ನು ನೋಡಲು ಅವನು ಹೋದನು. ಅವರು ಅರ್ಹರಾಗಿದ್ದರೆ ಅವರ ವಿರುದ್ಧ ಸಾಕ್ಷ್ಯ ಹೇಳುವೆನೆಂಬ ಸಿದ್ಧತೆಯಿಂದಲೇ ಹೋದನು. ಕಂಡುದು ಶಿಸ್ತು, ಶುಚಿತ್ವ, ಜಗಳವಿಲ್ಲದ ಸಾಲುಗಳು, ಕುಡಿತವಿಲ್ಲದ ಕುಟುಂಬಗಳು. ಕಂಡುದನ್ನು ಕಂಡಂತೆ ಬರೆದನು. ಅಲ್ಲಿಗೆ ಹೋಗಿ ಅವರು ಏನಾಗುವರೋ, ಅವರ ಮತವು ಸತ್ಯವೋ ಭ್ರಾಂತಿಯೋ ಎಂಬುದನ್ನು ತೀರ್ಮಾನಿಸಲು ಹೋಗಲಿಲ್ಲ. ಪ್ರತ್ಯಕ್ಷಕ್ಕೆ ಗೋಚರವಾದಷ್ಟನ್ನೇ ಹೇಳಿ ನಿಲ್ಲುವ ಈ ಸಂಯಮವು ಕಾದಂಬರಿಕಾರನಲ್ಲಿ ದೊರೆತುದು, ಅನೇಕ ಮತಪಂಡಿತರಲ್ಲಿ ದೊರೆಯಲಿಲ್ಲ.

ಅನ್ಯರ ದೃಷ್ಟಿ ಪುಸ್ತಕದಲ್ಲಿಯೇ ಉಳಿದಿದ್ದರೆ ಇಷ್ಟು ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ೧೮೩೮ರಲ್ಲಿ ಮಿಸ್ಸೂರಿ ಪ್ರಾಂತದ ಗವರ್ನರನು ಇವರನ್ನು ನಿರ್ಮೂಲಮಾಡಬೇಕು ಇಲ್ಲವೆ ಪ್ರಾಂತದಿಂದ ಹೊರಗಟ್ಟಬೇಕೆಂದು ಆಜ್ಞೆಹೊರಡಿಸಿದನು. ಆ ಆಜ್ಞೆಯನ್ನು ವಿಧ್ಯುಕ್ತವಾಗಿ ಹಿಂದೆಗೆದುದು ೧೯೭೬ರಲ್ಲಿ. ಇವರೂ ನಿರ್ದೋಷಿಗಳಲ್ಲ: ೧೮೫೭ರಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ ದಾರಿಹೋಕ ವಲಸಿಗರಲ್ಲಿ ಸುಮಾರು ನೂರಿಪ್ಪತ್ತು ಮಂದಿಯನ್ನು ಮಾರ್ಮನ್ ದಳದವರು ಕೊಂದರು. ಇಂಥ ಕಾಲದಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು ೧೮೫೯ರ ತನ್ನ ಸ್ವಾತಂತ್ರ್ಯವಿಷಯಕ ಗ್ರಂಥದಲ್ಲಿ ಇವರ ವಿವಾಹಪದ್ಧತಿಯನ್ನು ಸ್ಪಷ್ಟವಾಗಿ ಗರ್ಹಿಸಿ, ಆದರೂ ಅದನ್ನು ಅಡಗಿಸಲು ದಂಡೆತ್ತಿ ಹೋಗುವ ಅಧಿಕಾರ ಪರರಿಗಿಲ್ಲವೆಂದನು. ಖಂಡನವೂ ಸಹನೆಯೂ ಒಬ್ಬನಲ್ಲಿಯೇ ಇರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

೧೮೭೯ರ ರೆನಾಲ್ಡ್ಸ್ ಮೊಕದ್ದಮೆಯಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ನಂಬಿಕೆಯು ಸ್ವತಂತ್ರ, ಕ್ರಿಯೆಯು ಕಾನೂನಿಗೆ ಅಧೀನ ಎಂಬ ಅದರ ತತ್ತ್ವವು ದೃಢವಾದುದೇ. ಆದರೆ ಅದಕ್ಕೆ ಕೊಟ್ಟ ದೃಷ್ಟಾಂತವನ್ನು ನಮ್ಮ ವಾಚಕರು ಗಮನಿಸಬೇಕು: ಪತಿಯ ಚಿತೆಯನ್ನೇರುವುದು ಧರ್ಮವೆಂದು ನಂಬಿದ ಪತ್ನಿಯನ್ನು ಸರ್ಕಾರವು ತಡೆಯಬಾರದೇ? ಸಹಗಮನವು ಪ್ರಾಣಹಾನಿ, ಪ್ರಕೃತವು ವಿವಾಹ. ಸಾಧರ್ಮ್ಯವೆಲ್ಲಿ? ದೃಷ್ಟಾಂತವು ವಿಷಮವೆಂದು ತರ್ಕಸಂಗ್ರಹ ಓದಿದ ಬಾಲಕನೂ ಹೇಳಿಯಾನು. ಬಹುಪತ್ನೀತ್ವವು ಏಷ್ಯ ಆಫ್ರಿಕಗಳ ಜನರ ರೂಢಿಯೆಂಬ ಮಾತೂ ಆ ತೀರ್ಪಿನಲ್ಲಿಯೇ ಬರುತ್ತದೆ. ಅಲ್ಲಿಗೆ ಅದು ನ್ಯಾಯವಾಕ್ಯವಾಗಿರದೆ ಜಾತ್ಯಭಿಮಾನದ ಮಾತಾಯಿತು. ಇನ್ನೊಂದು ವಿಚಿತ್ರ: ಆ ನಾಡಿನ ಹೆಂಗಸರು ದಾಸಿಯರೆಂದು ಅನ್ಯರು ಮರುಗುತ್ತಿದ್ದಾಗಲೇ, ೧೮೭೦ರಲ್ಲಿ, ಯೂಟ ಪ್ರಾಂತವು ಅವರಿಗೆ ಮತದಾನದ ಹಕ್ಕನ್ನು ಕೊಟ್ಟಿತ್ತು; ೧೮೮೭ರಲ್ಲಿ ಅದನ್ನು ಕಿತ್ತುಕೊಂಡುದು ಅವರನ್ನು ಉದ್ಧರಿಸಹೊರಟ ಅಮೆರಿಕೆಯ ಶಾಸನಸಭೆಯೇ.

ಇನ್ನು ಸಿದ್ಧಾಂತವಿಚಾರ. ಪ್ರಾಚೀನೇತಿಹಾಸದ ವಿದ್ವಾಂಸನಾದ ಜರ್ಮನಿಯ ಎಡ್ವರ್ಡ್ ಮೈಯರನು ೧೯೧೨ರಲ್ಲಿ ಇವರ ಚರಿತ್ರೆಯನ್ನು ಬರೆದು, ಇಸ್ಲಾಮಿನ ಉದಯದೊಡನೆ ಹೋಲಿಸಿದನು. ಮತವೊಂದು ಕಣ್ಣೆದುರಿಗೆ ಹುಟ್ಟುವ ಬಗೆಯನ್ನು ತೋರಿಸಿದುದು ಉಪಕಾರವೇ; ಆದರೆ ಜೀವಂತವಾದ ಜನವು ಅವನಿಗೆ ಬೇರೊಂದನ್ನು ಸಾಧಿಸುವ ಸಾಮಗ್ರಿ. ಇವರು ಕ್ರೈಸ್ತರೇ ಅಲ್ಲವೇ ಎಂಬ ಪ್ರಶ್ನೆಯಲ್ಲಿ ರೋಮಿನ ಸಭೆಯು ೨೦೦೧ರಲ್ಲಿ ಇವರ ಸ್ನಾನದೀಕ್ಷೆಯು ಸಿಂಧುವಲ್ಲವೆಂದು ತೀರ್ಮಾನಿಸಿತು. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರನ್ನು ಇವರು ಉದ್ದೇಶದಲ್ಲಿ ಒಂದಾದ, ಸ್ವರೂಪದಲ್ಲಿ ಬೇರೆಬೇರೆಯಾದ ವ್ಯಕ್ತಿಗಳೆಂದು ತಿಳಿಯುತ್ತಾರೆ. ಶಬ್ದ ಒಂದೇ ಆದರೂ ಅರ್ಥ ಬೇರೆ ಎಂಬುದು ಆ ತೀರ್ಮಾನದ ಸಾರ. ಇದು ನಿಂದೆಯಲ್ಲ, ಶಾಸ್ತ್ರೀಯವಾದ ಭೇದನಿರೂಪಣೆ, ಇಂಥದರೊಡನೆ ವಾದಿಸಬಹುದು.

ಮೆಥೊಡಿಸ್ಟ್ ಪಂಥದ ವಿದುಷಿ ಜ್ಯಾನ್ ಷಿಪ್ಸ್ ೧೯೮೫ರ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆಹೋಗಿದ್ದಾರೆ. ಯೆಹೂದ್ಯಮತಕ್ಕೆ ಕ್ರೈಸ್ತಮತವು ಹೇಗೋ ಕ್ರೈಸ್ತಮತಕ್ಕೆ ಇದು ಹಾಗೆ. ಹಳೆಯದರಿಂದ ಹುಟ್ಟಿಯೂ ಹೊಸದಾದ ಸಂಪ್ರದಾಯ ಎಂಬುದು ಅವರ ಪ್ರತಿಪಾದನೆ. ಪತ್ರಗಳ ಸತ್ಯಾಸತ್ಯವನ್ನು ಮೊದಲ ಪ್ರಶ್ನೆಯಾಗಿ ಮಾಡದೆ, ಅವುಗಳನ್ನು ನಂಬಿದವರು ತಮ್ಮನ್ನು ಇಸ್ರಾಯೇಲರ ಪುನರವತಾರವಾಗಿ ಕಂಡುಕೊಂಡ ಕ್ರಮವನ್ನು ಅವರು ಬಿಡಿಸಿದ್ದಾರೆ. ನಮ್ಮ ಮಾನದಂಡಕ್ಕೆ ಇವರೇ ಸಮೀಪರು. ಪೂರ್ಣವಾಗಿ ಅಲ್ಲ. ಏಕೆಂದರೆ ಆ ಮತದವರು ತಮ್ಮದನ್ನು ಹೊಸ ಸಂಪ್ರದಾಯವೆನ್ನುವುದಿಲ್ಲ. ನಷ್ಟವಾಗಿದ್ದ ಆದಿಮ ಕ್ರೈಸ್ತಮತವೇ ಪುನಃ ಸ್ಥಾಪಿತವಾಯಿತೆನ್ನುತ್ತಾರೆ. 'ಹೊಸದು' ಎಂಬ ಒಂದು ಪದದಲ್ಲಿ ಷಿಪ್ಸರ ಅನುವಾದವು ಅವರ ಪಕ್ಷದಿಂದ ಜಾರುತ್ತದೆ, ಉಳಿದೆಡೆಗಳಲ್ಲಿ ಹೊಂದುತ್ತದೆ.