ಆಕಾಶದ ಅತಿಥಿಗೆ ಕೈಕಾಲು ಯಾರು ಕೊಟ್ಟರು?

ಬೇರೆ ಗ್ರಹದ ಜೀವಿಗಳ ಸುದ್ದಿ ನಮ್ಮ ಯಾಲಾಲ ಕಡೆಯ ಮಂದಿಗೆ ಪುಸ್ತಕದಿಂದ ಬಂದದ್ದಲ್ಲ, ಸಿನಿಮಾದಿಂದ ಬಂದದ್ದು. 2003ರ ‘ಕೋಯಿ ಮಿಲ್ ಗಯಾ’ ಟಿವಿಯಲ್ಲಿ ಈಗಲೂ ಬರ್ತದ. ಅದರಾಗಿನ ಜಾದೂ ಅಂದ್ರ ಮಕ್ಕಳಿಗೆ ಮನೆಯ ಕೂಸಿದ್ದಂಗ. 2014ರಲ್ಲಿ ‘ಪಿಕೆ’ ಬಂತು. ಹೊಲ ಮಾಡಿಕೊಂಡು ಭಜನಿಯಲ್ಲಿ ಪದ ಹಾಡುವ ನನಗ ಸಿನಿಮಾದ ಕ್ಯಾಮೆರಾ, ಬೆಳಕು ಇವುಗಳ ಬಗ್ಗೆ ಮಾತಾಡುವ ಅಧಿಕಾರ ಇಲ್ಲ. ಆದ್ರ ಕಥಿ ಕಟ್ಟಿದ್ದು ಗಟ್ಟಿ ಅದನೋ ಪೊಳ್ಳು ಅದನೋ ಅನ್ನೋದು ಹಾಡುವವನಿಗೆ ಒಂದಿಷ್ಟು ಗೊತ್ತಾಗ್ತದ. ಅಷ್ಟನ್ನೇ ಇಲ್ಲಿ ಬರೆದೀನಿ.

ಜಾದೂ ನೀಲಿ ಬಣ್ಣದವ. ಎರಡು ಕೈ, ಎರಡು ಕಾಲು, ದೊಡ್ಡ ಕಣ್ಣು. ನಮ್ಮ ಹುಡುಗರ ಜೋಡಿ ಆಡ್ತಾನ, ಅಳ್ತಾನ, ಜಡ್ಡು ವಾಸಿ ಮಾಡ್ತಾನ. ಬಣ್ಣ ಒಂದು ಬದಲಿ ಮಾಡಿದ್ರ ಅವನು ನಮ್ಮ ಜಾನಪದ ಕಥಿಯೊಳಗಿನ ವರ ಕೊಡುವ ದೇವಗಣದವನೇ. ಆದ್ರ ಒಂದು ಮಾತು ಮೆಚ್ಚಬೇಕು. ಅವನ ಶಕ್ತಿ ಬಿಸಿಲಿನಿಂದ ಬರ್ತದ, ಮೋಡ ಕವಿದ್ರ ಸೊರಗ್ತಾನ. ಎಲ್ಲಿಯ ಜೀವವಾದ್ರೂ ಏನರೆ ಒಂದು ತಿಂದೇ ಬದುಕಬೇಕಲ್ಲ! ಅಲ್ಲಿ ಕಥಿಗಾರ ವಿಚಾರ ಮಾಡ್ಯಾನ. ಪಿಕೆಯೊಳಗ ಅಷ್ಟೂ ಇಲ್ಲ. ರಾಜಸ್ಥಾನದಾಗ ಇಳಿದವನು ಮನುಷ್ಯನಂಗೇ ಇದ್ದಾನ, ಆರು ತಾಸು ಒಬ್ಬಾಕಿ ಕೈ ಹಿಡಿದು ಭೋಜಪುರಿ ಕಲೀತಾನ. ಅದು ಬೇರೆ ಲೋಕದ ಕಥಿನೇ ಅಲ್ಲ. ನಮ್ಮ ಗುಡಿ ಮಸೂತಿಗಳ ವ್ಯವಹಾರ ನಮಗೇ ತೋರಿಸಲಿಕ್ಕೆ ಹಿಡಿದ ಕನ್ನಡಿ. ಕನ್ನಡಿ ಛಲೋ ಅದ, ಅದರಾಗ ಆಕಾಶ ಹುಡುಕಬಾರದು ಅಷ್ಟೇ.

ಇವೆರಡಕ್ಕಿಂತ ಹಳೆಯದೊಂದು ಕಥಿ ಗಟ್ಟಿ ಅದ. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದದ್ದು. ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬರ್ತಾರ, ತೋಪು ಬಂದೂಕಿಗೆ ಬಗ್ಗೋದಿಲ್ಲ. ಕೊನೆಗೆ ಅವರನ್ನು ಕೊಲ್ಲುವುದು ಇಲ್ಲಿಯ ಗಾಳಿ ಮಣ್ಣಿನೊಳಗಿನ ಕಣ್ಣಿಗೆ ಕಾಣದ ರೋಗಾಣು. ನಮಗ ಅವು ರೂಢಿ, ಅವರಿಗೆ ರೂಢಿ ಇಲ್ಲ. ಕಥಿಯ ದೊಡ್ಡ ಪಾತ್ರವನ್ನು ಕಾಣದ ಜೀವಕ್ಕೆ ಕೊಟ್ಟವನು ಅವನು.

ಯಾಕಂದ್ರ ವಿಜ್ಞಾನಿಗಳು ಹುಡುಕುತ್ತಿರುವುದು ಆ ಕಾಣದ ಜೀವವನ್ನೇ. ನಮ್ಮ ಸೂರ್ಯನ ಸುತ್ತಲಿನ ಗ್ರಹಗಳಲ್ಲಿ ಕೈಕಾಲಿನವರು ಸಿಗ್ತಾರ ಅಂತ ಅವರ್ಯಾರೂ ಕಾಯುತ್ತಿಲ್ಲ. ಭೂಮಿಯ ಲೆಕ್ಕವನ್ನೇ ನೋಡ್ರಿ. ಇಲ್ಲಿ ಜೀವ ಹುಟ್ಟಿ 350 ಕೋಟಿ ವರ್ಷಕ್ಕೂ ಮಿಕ್ಕಿ ಆಯ್ತು. ಪ್ರಾಣಿಗಳು ಬಂದದ್ದು ಸುಮಾರು ಕೊನೆಯ 60 ಕೋಟಿ ವರ್ಷದಲ್ಲಿ. ಅದಕ್ಕಿಂತ ಮೊದಲು ಹೊರಗಿನವರು ಯಾರಾದ್ರೂ ಬಂದು ನೋಡಿದ್ದರ ಪಾಚಿ, ಲೋಳೆ ಬಿಟ್ಟು ಬೇರೇನೂ ಕಾಣ್ತಿದ್ದಿಲ್ಲ. ರೈತರಿಗೆ ಇದು ಹೊಸದಲ್ಲ. ತೊಗರಿ ಗಿಡ ಕಿತ್ತರ ಬೇರಿಗೆ ಸಣ್ಣ ಗಂಟು ಇರ್ತಾವ. ಗಾಳಿಯೊಳಗಿನ ಸಾರಜನಕ ಹಿಡಿದು ಗಿಡಕ್ಕೆ ಉಣಿಸುವ ಜೀವ ಆ ಗಂಟಿನಾಗ ಅದ. ನಾವು ಹಾಲಿಗೆ ಹಾಕುವ ಹೆಪ್ಪೂ ಅಂಥದ್ದೇ.

ಈಗ ಗ್ರಹಗಳು. ಬುಧನ ಮೇಲೆ ಹಗಲು 430 ಡಿಗ್ರಿ ಸುಡ್ತದ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳೀತದ. ಅಲ್ಲಿ ಮಾತು ಮುಗೀತು. ಶುಕ್ರನ ಮಾತು ಮಾತ್ರ ನಮ್ಮ ಮನೆ ಅಂಗಳದ್ದು. ಅಳತೆಯಲ್ಲಿ ಅದು ಭೂಮಿಯ ತಂಗಿಯಂಗ ಅದ. ಆದ್ರ ನೆಲದ ಮೇಲೆ ಸುಮಾರು 465 ಡಿಗ್ರಿ ಬಿಸಿ, ಗಾಳಿಯ ಭಾರ ನಮ್ಮ ಗಾಳಿಯ 90 ಪಟ್ಟು. ಆ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಅಷ್ಟೇ ಹೆಚ್ಚುಕಮ್ಮಿ ಇಂಗಾಲ ಭೂಮಿಯಲ್ಲೂ ಅದ ಅಂತ ಲೆಕ್ಕ ಹಾಕ್ಯಾರ. ಹಂಗಾದ್ರ ನಾವ್ಯಾಕ ಸುಟ್ಟು ಹೋಗಲಿಲ್ಲ? ಅದರ ಬಹುಪಾಲು ಕಲ್ಲಾಗಿ ಕೂತದ. ತಾಂಡೂರಿನ ಖಣಿಯಿಂದ ತೆಗೆದು ಊರೂರಿಗೆ ಲಾರಿಯಲ್ಲಿ ಕಳಿಸುವ ಫರಸಿ ಕಲ್ಲು ಅಂದ್ರ ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ನೀರು ಇದ್ದದ್ದಕ್ಕೆ ಗಾಳಿಯೊಳಗಿನ ಇಂಗಾಲ ಅದರಾಗ ಕರಗಿ, ಸುಣ್ಣದ ಜೋಡಿ ಕೂಡಿ ಕಲ್ಲಾಯ್ತು. ಸಿಮೆಂಟ್ ಫ್ಯಾಕ್ಟರಿಯ ಭಟ್ಟಿಯಲ್ಲಿ ಅದೇ ಕಲ್ಲು ಸುಟ್ಟರ ಅದೇ ಗಾಳಿ ತಿರುಗಿ ಮ್ಯಾಲಕ್ಕ ಹೋಗ್ತದ. ಶುಕ್ರನ ಮೇಲೆ ನೀರು ನಿಲ್ಲಲಿಲ್ಲ, ಗಾಳಿ ಕಲ್ಲಾಗಲಿಲ್ಲ. ಯಾವ ಸಿನಿಮಾದಾಗೂ ನನಗ ಇಷ್ಟು ಬೆರಗಿನ ಕಥಿ ಸಿಕ್ಕಿಲ್ಲ, ಅದೂ ನಾವು ಉಣ್ಣಾಕ ಕೂಡುವ ನೆಲದಾಗೇ ಅದ.

ಮಂಗಳನ ಮೇಲೆ ಗಾಳಿ ಬಹಳ ತೆಳು, ನೀರು ಬರ್ಫಾಗಿ ಅದ. 1976ರಲ್ಲಿ ಅಮೆರಿಕದ ವೈಕಿಂಗ್ ನೌಕೆಗಳು ಅಲ್ಲಿಯ ಮಣ್ಣಿಗೆ ಪೋಷಕ ದ್ರವ ಹಾಕಿ ನೋಡಿದವು. ಗಾಳಿ ಹೊರಗೆ ಬಂತು. ಜೀವ ಅದ ಅಂತ ಕೂಗಬಹುದಿತ್ತು. ಆದ್ರ ಮಣ್ಣಿನ ರಸಾಯನವೂ ಹಂಗ ಮಾಡಬಹುದು ಅಂತ ಹೆಚ್ಚಿನವರು ತಡೆದರು. 2024ರಲ್ಲಿ ಪರ್ಸಿವಿಯರೆನ್ಸ್ ಬಂಡಿಗೆ ಅಲ್ಲಿ ಚಿರತೆ ಮಚ್ಚೆಯಂಥ ಗುರುತಿರುವ ಕಲ್ಲು ಸಿಕ್ಕಿತು. ಹಳೆಯ ಸೂಕ್ಷ್ಮಜೀವಿ ಮಾಡಿದ ಗುರುತು ಇರಬಹುದು, ಇಲ್ಲದೆಯೂ ಇರಬಹುದು ಅಂತಲೇ ಅವರು ಬರೆದರು. ನಮ್ಮ ಮಂಗಳಯಾನವೂ 2014ರ ಸೆಪ್ಟೆಂಬರ್ 24ರಿಂದ ಅದರ ಸುತ್ತ ತಿರುಗಿತು. ನಮ್ಮಲ್ಲಿ ಇನ್ನೂ ಕುಜದೋಷ ಅಂತ ಹುಡುಗಿಯ ಜಾತಕ ತಿರುಗಿಸಿ ಕಳಸ್ತಾರ, ಅದು ಬೇರೆ ಮಾತು.

ನಮಗೆ ಹತ್ತಿರದ ಪ್ರಯೋಗ ಹೈದರಾಬಾದಿನದು. 2005ರ ಏಪ್ರಿಲ್‌ನಲ್ಲಿ ಅಲ್ಲಿಂದ ದೊಡ್ಡ ಬಲೂನು ಹಾರಿಸಿ 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ತಂದರು. ಜಯಂತ ನಾರಳೀಕರ್ ಅದರ ಮುಂದಾಳು, ಇಸ್ರೋದ ಬೆಂಬಲ ಇತ್ತು. ಆಕಾಶದಿಂದ ಜೀವದ ಬೀಜ ಭೂಮಿಗೆ ಉದುರ್ತದೇನು ಅನ್ನೋದು ಪ್ರಶ್ನೆ. ಹೈದರಾಬಾದಿನ ಸಿಸಿಎಂಬಿಯಲ್ಲಿ, ಪುಣೆಯಲ್ಲಿ ಪರೀಕ್ಷೆ ಆಗಿ 12 ಬ್ಯಾಕ್ಟೀರಿಯಾ, 6 ಶಿಲೀಂಧ್ರ ಬೆಳೆದು ಬಂದವು. ಮೂರು ಬ್ಯಾಕ್ಟೀರಿಯಾ ಹೊಸ ಜಾತಿ ಅಂದರು. ಒಂದಕ್ಕೆ ಇಸ್ರೋ ಹೆಸರು, ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಹಾಯ್ಲ್ ಎಂಬ ವಿಜ್ಞಾನಿಯ ಹೆಸರು. 2009ರಲ್ಲಿ ಸುದ್ದಿ ಹೊರಬಿದ್ದಾಗ, ಇವು ಹೊರಗಿನಿಂದಲೇ ಬಂದವು ಅಂತ ಇದರಿಂದ ಸಾಬೀತಾಗೋದಿಲ್ಲ ಅಂತಲೂ ಹೇಳಿದರು. ಆಮೇಲೆ ಆ ಆರ್ಯಭಟನ ಹೆಸರಿನ ಜಾತಿ ಎಲ್ಲಿ ಸಿಕ್ಕಿತು ಗೊತ್ತೇನ್ರಿ? ಹೊಲದಾಗ. ಸೋಯಾಬೀನ್ ಬೇರಿನ ಸುತ್ತಲಿನ ಮಣ್ಣಿನಾಗ. ಮಣ್ಣಿನದೇ ಧೂಳಾಗಿ ಅಷ್ಟು ಎತ್ತರ ಏರಿತ್ತು ಅನ್ನೋದೇ ನನಗ ಹೆಚ್ಚು ಒಪ್ಪುವ ಮಾತು. ಆ ಎತ್ತರದ ಚಳಿ, ಸುಡುವ ಕಿರಣ ತಡಕೊಂಡು ಬದುಕಿತ್ತು ಅನ್ನೋದು ಸಣ್ಣ ಮಾತಲ್ಲ. ಅಲ್ಲಿ ಬದುಕಿದ್ದು ಮಂಗಳನ ಮಣ್ಣಿನ ಕೆಳಗೆ ಯಾಕ ಬದುಕಬಾರದು ಅಂತ ಕೇಳಲಿಕ್ಕೆ ದಾರಿ ಆಯ್ತು.

ಇಂಥದ್ದೇ ಬಲೂನು ನಮ್ಮ ಸೀಮೆಯಲ್ಲಿ ಮಂದಿಯ ತಲಿ ಕೆಡಿಸಿತು. 2022ರ ಡಿಸೆಂಬರಿನಲ್ಲಿ ನಮ್ಮ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿ ಮಂಡಲದ ಒಂದು ಊರಿನ ಹೊಲದಾಗ ದೊಡ್ಡ ಗುಂಡನೆಯ ವಸ್ತು ಇಳೀತು. ಹಾರುವ ತಟ್ಟೆ ಅಂದವರು, ಪರಲೋಕದವರು ಬಂದರು ಅಂದವರು ಎಷ್ಟೋ ಮಂದಿ. ಅದು ಸ್ಪೇನ್ ದೇಶದ ಕಂಪನಿಯೊಂದು ಪ್ರವಾಸಿಗಳನ್ನು ಎತ್ತರಕ್ಕೆ ಒಯ್ಯಲು ಮಾಡುತ್ತಿದ್ದ ಗೂಡಿನ ಪರೀಕ್ಷೆ, ಒಳಗೆ ಯಾರೂ ಇದ್ದಿಲ್ಲ. 2025ರ ಜನವರಿಯಲ್ಲಿ ಬೀದರ ಜಿಲ್ಲೆ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಹೈದರಾಬಾದಿನ ಸಂಶೋಧನಾ ಬಲೂನು ಮನೆಯ ಮೇಲೆ ಬಿತ್ತು. ನೋಡಲಿಕ್ಕೆ ಓಡಿದ ಮಂದಿಯದು ತಪ್ಪಲ್ಲ. ಜಾದೂನ ಮುಖ ತಲಿಯೊಳಗ ಮೊದಲೇ ಕೂತಿತ್ತು. ಅದಕ್ಕೇ ಕಥಿ ಕಟ್ಟುವವರ ಮೇಲೆ ನನ್ನ ತಕರಾರು. ಕೈಕಾಲಿನ ಅತಿಥಿಯನ್ನೇ ತೋರಿಸಿ ತೋರಿಸಿ, ಖರೆ ಸುದ್ದಿ ಬಂದಾಗ ‘ಇಷ್ಟೇ ಏನು, ಕಲ್ಲಿನ ಮೇಲಿನ ಮಚ್ಚೆ’ ಅಂತ ಮಕ್ಕಳು ಮುಖ ತಿರುಗಿಸುವಂಗ ಮಾಡ್ಯಾರ.

ನಮ್ಮ ಹಾಡುವ ಮಂದಿಯನ್ನೂ ಬಿಡಬಾರದು. ಗ್ರಹದಾಗ ಜೀವ ಅದ ಅಂತ ಪೇಪರಿನಾಗ ಬಂದ್ರ ಸಾಕು, ‘ಹದಿನಾಲ್ಕು ಲೋಕ ಅಂತ ನಮ್ಮ ತತ್ವಪದದಾಗ ಎಂದೋ ಹೇಳ್ಯಾರ’ ಅಂತ ದಮ್ಮಡಿ ಬಾರಿಸುವವರು ಇದ್ದಾರ. ಪದ ಕಟ್ಟಿದ ಹಿರಿಯರು ಲೋಕ ಅಂದದ್ದು ದೇಹದೊಳಗಿನ ಮೆಟ್ಟಿಲು, ಮನಸ್ಸು ಏರುವ ಹಂತ. ಅದನ್ನು ಗುರು, ಶನಿಗಳ ಮ್ಯಾಲ ಒಯ್ದು ಕೂಡಿಸಿದರ ಪದದ ಅರ್ಥವೂ ಹೋಯ್ತು, ವಿಜ್ಞಾನವೂ ಬರಲಿಲ್ಲ.

ಮಾಸ್ತರರಿಗೆ ಒಂದು ವಿನಂತಿ. ಈ ವಿಷಯ ಹೇಳುವಾಗ ಜಾದೂನ ಚಿತ್ರ ತೋರಿಸುವ ಬದಲು ತೊಗರಿಯ ಬೇರು ಕಿತ್ತು ತೋರಿಸ್ರಿ, ಫರಸಿ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ಬುರುಗು ತೋರಿಸ್ರಿ. ಶನಿಯ ಚಂದ್ರ ಎನ್ಸೆಲಾಡಸ್ ತನ್ನ ಬರ್ಫಿನ ಬಿರುಕಿನಿಂದ ನೀರು ಚಿಮ್ಮಿಸುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು, ಅದನ್ನು ಹೇಳ್ರಿ. ಗುರುವಿನ ಚಂದ್ರ ಯುರೋಪಾದ ಬರ್ಫಿನ ಕೆಳಗೂ ಕಡಲು ಅದ ಅನ್ನಲಿಕ್ಕೆ ಬಲವಾದ ಆಧಾರ ಸಿಕ್ಕಾವ. 2024ರ ಅಕ್ಟೋಬರಿನಲ್ಲಿ ಅದರ ಕಡೆ ಯುರೋಪಾ ಕ್ಲಿಪ್ಪರ್ ಹೊರಟದ. ಅದು ಅಲ್ಲಿ ಇಳಿಯೋದಿಲ್ಲ, ಹತ್ತಿರದಿಂದ ಹಾದು ಹಾದು, ಜೀವ ಇರಲಿಕ್ಕೆ ತಕ್ಕ ಜಾಗ ಹೌದೋ ಅಲ್ಲೋ ಅಂತ ಅಳೀತದ. ಮುಟ್ಟುವುದು 2030ರ ಏಪ್ರಿಲ್‌ನಲ್ಲಿ.