ಓಡದೆಯೂ ಸವೆಯುವ ಆಯಿಲ್

ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಕೆಲಸ: ಇಲ್ಲಿ ಎಷ್ಟೋ ಕನ್ನಡಿಗರ ದಿನಚರಿ ಇದು. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರು ತೆವಳುತ್ತದೆ, ಎಸಿ ಮಾತ್ರ ಓಡುತ್ತಲೇ ಇರುತ್ತದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂಬ ಲೆಕ್ಕ ಇವರಿಗೆ ಒಪ್ಪುವಂಥದ್ದಲ್ಲ. ಗಂಟೆಗೆ ಸರಾಸರಿ 25 ಕಿ.ಮೀ.ನಂತೆ 10,000 ಕಿ.ಮೀ. ಮುಗಿಯಲು ಎಂಜಿನ್ 400 ಗಂಟೆ ತಿರುಗಬೇಕು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಅಬುಧಾಬಿಗೆ ಹೋಗಿಬರುವವರಿಗೆ ಅಷ್ಟೇ ದೂರಕ್ಕೆ 100 ಗಂಟೆ. ಮೀಟರ್ ತೋರಿಸುವುದು ಒಂದೇ ಅಂಕಿ, ಆಯಿಲ್ ದುಡಿದದ್ದು ನಾಲ್ಕು ಪಟ್ಟು. ಅನೇಕ ಕಾರುಗಳ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆಯೇ ಅವಧಿ ಕೊಟ್ಟಿರುತ್ತಾರೆ. ದೂಳು, ಬಿಸಿಲು, ನಿಂತಲ್ಲೇ ಉರಿಯುವ ಎಂಜಿನ್, ಮೂರೂ ನಮ್ಮ ಪಾಲಿನವೇ.

ಮಿನರಲ್ ಆಯಿಲ್‌ನಲ್ಲಿ ಸಣ್ಣ ದೊಡ್ಡ ಅಣುಗಳು ಬೆರೆತಿರುತ್ತವೆ. ಕಾವೇರಿದಂತೆ ಸಣ್ಣವು ಆವಿಯಾಗಿ, ಉಳಿದದ್ದು ಮಂದವಾಗುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳು ಹೆಚ್ಚು ಏಕರೂಪವಾಗಿರುವುದರಿಂದ ಅದು ತಾಳಿಕೊಳ್ಳುತ್ತದೆ. ಟರ್ಬೊ ಎಂಜಿನ್‌ಗಂತೂ ನಾನು ಬೇರೆ ಮಾತೇ ಆಡುವುದಿಲ್ಲ. ಅಲ್ಲಿನ ಬೇರಿಂಗ್‌ನ ಕಾವಿಗೆ ಮಿನರಲ್ ಆಯಿಲ್ ಬೆಂದು ಕರಿಕಟ್ಟುತ್ತದೆ. ಇನ್ನು, ಡಬ್ಬಿಯ ಮೇಲೆ ‘ಸಿಂಥೆಟಿಕ್’ ಎಂದಿದ್ದರೂ ಒಳಗಿರುವುದು ಬಹಳ ಸಲ ಕಚ್ಚಾ ತೈಲವನ್ನೇ ಚೆನ್ನಾಗಿ ಸಂಸ್ಕರಿಸಿದ ಗ್ರೂಪ್ 3 ಬೇಸ್ ಆಯಿಲ್. ಅದಕ್ಕೆ ಆ ಹೆಸರು ಸಲ್ಲದೆಂದು ಮೊಬಿಲ್ ತೆಗೆದ ತಕರಾರು 1999ರಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಮಾನವಾಯಿತು. ಅಬುಧಾಬಿಯ ರುವೈಸ್‌ನಲ್ಲೇ ಅಡ್ನಾಕ್ ಇಂಥ ಬೇಸ್ ಆಯಿಲ್ ತಯಾರಿಸುತ್ತದೆ. ಅದೇನೂ ಕೀಳಲ್ಲ.

ಗಲ್ಫ್ ಬಿಸಿಲಿಗೆ ದಪ್ಪ ಆಯಿಲೇ ಆಗಬೇಕು, 20ಡಬ್ಲ್ಯು-50 ಹಾಕಿಸಿ ಎನ್ನುವ ಹಳಬರಿದ್ದಾರೆ. ಹೊರಗೆ 48 ಡಿಗ್ರಿ ಇದ್ದರೂ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಕೂಲೆಂಟನ್ನು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತವೆ. ಕೈಪಿಡಿ ಒಪ್ಪಿದ ಗ್ರೇಡ್ ಯಾವುದೋ ಅದನ್ನೇ ಹಾಕಿಸಿ. ಆಯಿಲ್ ಕಪ್ಪಾಯಿತೆಂದು ಗಾಬರಿಯೂ ಬೇಡ. ಮಸಿಯನ್ನು ತನ್ನೊಳಗೆ ಹೊತ್ತುಕೊಳ್ಳುವುದು ಅದರ ಕೆಲಸ.

ಜಾಮ್‌ನಲ್ಲೇ ಓಡಾಡುವವರಿಗೆ ನನ್ನ ಸಲಹೆ: ಸಿಂಥೆಟಿಕ್ ಹಾಕಿಸಿ, 7,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಬದಲಿಸಿ. ಹೆದ್ದಾರಿಯವರು ಕೈಪಿಡಿ ಒಪ್ಪಿದರೆ 10,000ದವರೆಗೆ ಹೋಗಬಹುದು. ಟರ್ಬೊ ಇಲ್ಲದ ಹಳೆಯ ಕೊರೊಲಾಗೆ ಮಿನರಲ್ ಆಯಿಲನ್ನೇ 5,000ಕ್ಕೊಮ್ಮೆ ತಪ್ಪದೆ ಬದಲಿಸಿದರೆ ಧಾರಾಳವಾಯಿತು. ಲೀವಾದ ಮರಳುದಿಬ್ಬ ಹತ್ತಿ ಬಂದವರು ಏರ್ ಫಿಲ್ಟರ್ ಬಿಚ್ಚಿ ನೋಡಲೇಬೇಕು. ಒಳಸೇರಿದ ಮರಳಪುಡಿ ಪಿಸ್ಟನ್ ರಿಂಗ್‌ಗಳನ್ನೇ ಉಜ್ಜಿಹಾಕುತ್ತದೆ. ಅಲ್ ಕೂಜ್‌ನಲ್ಲಾಗಲಿ ಮುಸಫ್ಫಾದಲ್ಲಾಗಲಿ, ಆಯಿಲ್ ಜೊತೆಗೆ ಆಯಿಲ್ ಫಿಲ್ಟರನ್ನೂ ಬದಲಿಸಿ, ಡಬ್ಬಿಯ ಸೀಲನ್ನು ನಿಮ್ಮೆದುರೇ ಒಡೆಯಲು ಹೇಳಿ.